ಹುಂಜದ ಕೂಗಿನಿಂದ ನೀಲಿ ಗುಳಿಗೆಯವರೆಗೆ: ಸ್ಟೀರಾಯ್ಡ್ ಮತ್ತು ಮನಸ್ಸು

ಹೋರಿಯ ಬೀಜ ಒಡೆಸಿದರೆ ಅದು ಎತ್ತಾಗುತ್ತದೆ, ನೊಗಕ್ಕೆ ಹೊಂದಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಗೂಳಿಯಾಗಿ ಹಾಯಲು ಬರುತ್ತದೆ. ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ನಮ್ಮ ರೈತರು ತಲೆತಲಾಂತರದಿಂದ ಕಂಡುಕೊಂಡ ಸತ್ಯವಿದು. ದೇಹದ ಒಂದು ಸಣ್ಣ ಅಂಗಕ್ಕೂ ಪ್ರಾಣಿಯ ಸ್ವಭಾವಕ್ಕೂ ಸಂಬಂಧವಿದೆ ಎಂಬ ತಿಳಿವಳಿಕೆ ಇದರಲ್ಲಿ ಅಡಗಿದೆ. ಆದರೆ ಆ ಸಂಬಂಧ ಏರ್ಪಡುವುದು ಹೇಗೆ? ಗೂಳಿಯ ವಿಷಯದಲ್ಲಿ ನಿಜವಾದದ್ದು ಮನುಷ್ಯನ ವಿಷಯದಲ್ಲೂ ನಿಜವೆ? ಆ ಅಂಗ ಸ್ರವಿಸುವ ವಸ್ತುವನ್ನು ಗುಳಿಗೆಯಾಗಿ ನುಂಗಿದರೆ, ಸೂಜಿಯಲ್ಲಿ ಚುಚ್ಚಿಕೊಂಡರೆ ಗಂಡಸಿನ ಅಥವಾ ಹೆಂಗಸಿನ ಮನಸ್ಸು ಬದಲಾಗುತ್ತದೆಯೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ವಿಜ್ಞಾನಕ್ಕೆ ಸುಮಾರು 150 ವರ್ಷಗಳು ಹಿಡಿದವು.

ಅರ್ಧ ಗಂಟೆಯ ಮಾತುಕತೆ ಕಾರ್ಯಕ್ರಮದಲ್ಲಿ ಈ ಇತಿಹಾಸವನ್ನೆಲ್ಲ ಹೇಳಿ ಮುಗಿಸಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಇಂದು ಇದು ಒಲಿಂಪಿಕ್ ಕ್ರೀಡಾಪಟುಗಳಿಗೆ ಮಾತ್ರ ಸೇರಿದ ವಿಷಯವಲ್ಲ. ತಾಲ್ಲೂಕು ಕೇಂದ್ರದ ಜಿಮ್ಮಿನವರೆಗೂ ಸ್ಟೀರಾಯ್ಡ್ ಎಂಬ ಮಾತು ಬಂದಿದೆ. ಅದರ ಜೊತೆಗೆ ಎರಡು ವದಂತಿಗಳೂ ಬಂದಿವೆ. "ತಗೊಂಡವನು ರಾಕ್ಷಸನಾಗುತ್ತಾನೆ" ಎಂಬುದು ಒಂದು, "ತಲೆಗೆ ಏನೂ ಆಗುವುದಿಲ್ಲ, ಮೈ ಮಾತ್ರ ಬೆಳೆಯುತ್ತದೆ" ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳು. ಅರ್ಧಸತ್ಯ ಯಾಕೆ ಎಂಬುದನ್ನು ಇತಿಹಾಸವೇ ತಿಳಿಸುತ್ತದೆ.

ಆರು ಹುಂಜಗಳು, ಒಬ್ಬ ಮುದುಕ

1849ರಲ್ಲಿ ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಆರು ಎಳೆಯ ಹುಂಜಗಳ ಮೇಲೆ ಒಂದು ಸರಳ ಪ್ರಯೋಗ ನಡೆಸಿದ. ವೃಷಣಗಳನ್ನು ತೆಗೆದುಹಾಕಿದ ಹುಂಜಗಳು ಬೆಳೆದ ಮೇಲೂ ಹುಂಜದಂತೆ ಕೂಗಲಿಲ್ಲ, ಕಾಳಗಕ್ಕೆ ಇಳಿಯಲಿಲ್ಲ, ಅವುಗಳ ಜುಟ್ಟು ಬಾಡಿಹೋಯಿತು. ಆದರೆ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇರಿಸಿದ ಹುಂಜಗಳು ಎಂದಿನಂತೆ ಕೂಗಿದವು, ಕಾದಾಡಿದವು. ಮೂಲ ನರಸಂಪರ್ಕ ಕಡಿದುಹೋಗಿದ್ದರೂ ಸ್ವಭಾವ ಉಳಿದಿತ್ತು. ಹಾಗಾದರೆ ವೃಷಣದಿಂದ ಹೊರಟ ಯಾವುದೋ ವಸ್ತು ರಕ್ತದ ಮೂಲಕ ಇಡೀ ದೇಹವನ್ನು ತಲುಪುತ್ತಿರಬೇಕು ಎಂದು ಬರ್ಟೋಲ್ಡ್ ತರ್ಕಿಸಿದ. ಹಾರ್ಮೋನು ಎಂಬ ಪದವೇ ಇನ್ನೂ ಹುಟ್ಟದಿದ್ದ ಕಾಲವದು.

ನಲವತ್ತು ವರ್ಷಗಳ ನಂತರ ಇದೇ ವಿಚಾರ ಮನುಷ್ಯನ ಕಡೆಗೆ ತಿರುಗಿತು. 1889ರ ಜೂನ್ 1ರಂದು ಪ್ಯಾರಿಸ್ಸಿನ ವಿಜ್ಞಾನಿಗಳ ಸಭೆಯೊಂದರಲ್ಲಿ 72 ವರ್ಷದ ಶಾರ್ಲ್ ಎದ್ವಾರ್ ಬ್ರೌನ್ ಸೆಕಾರ್ ಎದ್ದುನಿಂತು ಒಂದು ವಿಚಿತ್ರ ಸುದ್ದಿ ತಿಳಿಸಿದ. ನಾಯಿ ಮತ್ತು ಗಿನಿಯಿಲಿಗಳ ವೃಷಣದಿಂದ ತೆಗೆದ ರಸವನ್ನು ತಾನು ಚುಚ್ಚಿಕೊಂಡಿರುವುದಾಗಿಯೂ ತೋಳಿನ ಬಲ ಮರಳಿರುವುದಾಗಿಯೂ ಆಯಾಸವಿಲ್ಲದೆ ಗಂಟೆಗಟ್ಟಲೆ ಬೌದ್ಧಿಕ ಕೆಲಸ ಮಾಡಬಲ್ಲೆನೆಂದೂ ಹೇಳಿದ. ಆತ ಸಾಮಾನ್ಯ ಮನುಷ್ಯನಲ್ಲ, ಹೆಸರಾಂತ ಶರೀರಶಾಸ್ತ್ರಜ್ಞ. ಹೀಗಾಗಿ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಇಂಥ ರಸಗಳ ವ್ಯಾಪಾರ ಯುರೋಪು ಮತ್ತು ಅಮೆರಿಕಗಳಲ್ಲಿ ಭರದಿಂದ ಸಾಗಿತು.

ಈಗ ಒಂದು ತಮಾಷೆ ನೋಡಿ. 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಬ್ರೌನ್ ಸೆಕಾರ್‌ನ ವಿಧಾನವನ್ನೇ ಅನುಸರಿಸಿ ಆ ರಸವನ್ನು ತಯಾರಿಸಿ ಅಳೆದರು. ದೇಹದ ಮೇಲೆ ಪರಿಣಾಮ ಬೀರುವಷ್ಟು ಹಾರ್ಮೋನು ಅದರಲ್ಲಿ ಇರಲೇ ಇಲ್ಲ. ವೃಷಣದ ಹಾರ್ಮೋನು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅವನು ತಯಾರಿಸಿದ್ದು ನೀರಿನ ರಸ. ಹಾಗಾದರೆ ಮುದುಕನಿಗೆ ಉತ್ಸಾಹ ಬಂದದ್ದೆಲ್ಲಿಂದ? ಅವನ ನಂಬಿಕೆಯಿಂದ. ಗಂಡು ಹಾರ್ಮೋನು ಮನಸ್ಸನ್ನು ಬದಲಿಸುತ್ತದೆ ಎಂಬ ಮೊತ್ತಮೊದಲ ಆಧುನಿಕ ವರದಿ ಹಾರ್ಮೋನೇ ಇಲ್ಲದ ಔಷಧವನ್ನು ಕುರಿತದ್ದು! ಈ ಮಾತು ನೆನಪಿನಲ್ಲಿರಲಿ. ಔಷಧದ ಪರಿಣಾಮ ಯಾವುದು, ನಂಬಿಕೆಯ ಪರಿಣಾಮ ಯಾವುದು ಎಂದು ಬೇರ್ಪಡಿಸುವುದೇ ಮುಂದಿನ ನೂರು ವರ್ಷಗಳ ತೊಡಕಾಯಿತು.

ಹಾರ್ಮೋನು ಕೈಗೆ ಸಿಕ್ಕಿತು

1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕರ್ ತಂಡ ಸುಮಾರು 100 ಕಿಲೋ ಹೋರಿ ವೃಷಣಗಳಿಂದ ಸುಮಾರು 10 ಮಿಲಿಗ್ರಾಂ ಹರಳನ್ನು ಬೇರ್ಪಡಿಸಿ ಅದಕ್ಕೆ ಟೆಸ್ಟೋಸ್ಟಿರೋನ್ ಎಂದು ಹೆಸರಿಟ್ಟಿತು. ಅದೇ ವರ್ಷ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಲಿಯೋಪೋಲ್ಡ್ ರುಜಿಚ್ಕಾ ಅದನ್ನು ಕೊಲೆಸ್ಟರಾಲಿನಿಂದ ಪ್ರಯೋಗಶಾಲೆಯಲ್ಲೇ ತಯಾರಿಸುವ ದಾರಿ ತೋರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಇವರಿಬ್ಬರಿಗೆ ಘೋಷಿತವಾಯಿತು.

ಈ ಹಾರ್ಮೋನಿಗೆ ಎರಡು ಮುಖ್ಯ ಕೆಲಸಗಳಿವೆ. ಒಂದು, ಗಡ್ಡಮೀಸೆ, ಗಡಸು ದನಿ ಮುಂತಾದ ಗಂಡು ಲಕ್ಷಣಗಳನ್ನು ತರುವುದು. ಇನ್ನೊಂದು, ಪ್ರೋಟೀನನ್ನು ಬಳಸಿ ಸ್ನಾಯು ಕಟ್ಟುವುದು. ಈ ಕಟ್ಟುವ ಕೆಲಸಕ್ಕೆ 'ಅನಬಾಲಿಕ್' ಎಂಬ ವಿಶೇಷಣ. ಗಂಡು ಲಕ್ಷಣ ತರದೆ ಸ್ನಾಯು ಮಾತ್ರ ಕಟ್ಟುವ ಅಣುವನ್ನು ತಯಾರಿಸಬೇಕೆಂದು ಔಷಧ ಕಂಪನಿಗಳು ಬಹಳ ಪ್ರಯತ್ನಪಟ್ಟವು. ಹಲವಾರು ಅಣುಗಳೂ ಬಂದವು. ಆದರೆ ಎರಡು ಗುಣಗಳನ್ನು ಪೂರ್ತಿಯಾಗಿ ಬೇರ್ಪಡಿಸಲು ಯಾರಿಂದಲೂ ಆಗಲಿಲ್ಲ. ಸ್ನಾಯುವಿನ ಜೀವಕೋಶದಲ್ಲಿ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳೇ ಮಿದುಳಿನ ಜೀವಕೋಶಗಳಲ್ಲೂ ಇವೆ. ತೋಳಿಗೆಂದು ನುಂಗಿದ ಗುಳಿಗೆಗೆ "ತಲೆಗೆ ಹೋಗಬೇಡ" ಎಂದು ಹೇಳಲು ಬರುವುದಿಲ್ಲ.

1954ರಲ್ಲಿ ವಿಯೆನ್ನಾದಲ್ಲಿ ವಿಶ್ವ ಭಾರ ಎತ್ತುವ ಸ್ಪರ್ಧೆ ನಡೆಯಿತು. ಸೋವಿಯತ್ ಪಟುಗಳು ಟೆಸ್ಟೋಸ್ಟಿರೋನ್ ಬಳಸುತ್ತಿದ್ದಾರೆಂಬ ಸುದ್ದಿಯನ್ನು ಅಮೆರಿಕದ ತಂಡದ ವೈದ್ಯ ಜಾನ್ ಜೀಗ್ಲರ್ ಅಲ್ಲಿ ಕೇಳಿ ಬಂದ. 1958ರಲ್ಲಿ ಸೀಬಾ ಕಂಪನಿಯ ಡಯನಬಾಲ್ ಎಂಬ ಗುಳಿಗೆ ಅಮೆರಿಕದ ಮಾರುಕಟ್ಟೆಗೆ ಇಳಿಯಿತು. ಅದರ ರಾಸಾಯನಿಕ ಹೆಸರು ಮೆಥಾಂಡಿನೋನ್. ಜೀಗ್ಲರ್ ತನ್ನ ಪಟುಗಳಿಗೆ ಅದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟ. ಪಟುಗಳು ವೈದ್ಯ ಹೇಳಿದ್ದರ ಹಲವು ಪಟ್ಟು ನುಂಗತೊಡಗಿದರು. ಜೀಗ್ಲರ್ ಮುಂದೆ ಇದಕ್ಕಾಗಿ ಪಶ್ಚಾತ್ತಾಪಪಟ್ಟ, ಆದರೆ ಗುಳಿಗೆ ಅಷ್ಟರಲ್ಲಿ ಅವನ ಕೈಮೀರಿ ಹೋಗಿತ್ತು. 1975ರಲ್ಲಿ ಒಲಿಂಪಿಕ್ ಸಮಿತಿ ಸ್ಟೀರಾಯ್ಡುಗಳನ್ನು ನಿಷೇಧಿಸಿತು. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟವನ್ನು 9.79 ಸೆಕೆಂಡುಗಳಲ್ಲಿ ಗೆದ್ದ ಕೆನಡಾದ ಬೆನ್ ಜಾನ್ಸನ್ ಸಿಕ್ಕಿಬಿದ್ದಾಗ ಜಗತ್ತಿಗೆಲ್ಲ ಈ ಪದ ಪರಿಚಯವಾಯಿತು.

ಇಷ್ಟು ಹೊತ್ತಿಗೆ ತೋಳಿನ ಸುತ್ತಳತೆ, ಎತ್ತಿದ ಭಾರ, ಓಡಿದ ವೇಗ ಎಲ್ಲವನ್ನೂ ಅಳೆದಾಗಿತ್ತು. ಮನಸ್ಸನ್ನು ಮಾತ್ರ ಸರಿಯಾಗಿ ಅಳೆದಿರಲಿಲ್ಲ.

ಗಂಡಸರ ಮನಸ್ಸನ್ನು ಅಳೆದದ್ದು

1988ರಲ್ಲಿ ಅಮೆರಿಕದ ಹ್ಯಾರಿಸನ್ ಪೋಪ್ ಮತ್ತು ಡೇವಿಡ್ ಕಾಟ್ಜ್ ಎಂಬ ಮನೋವೈದ್ಯರು ಸ್ಟೀರಾಯ್ಡ್ ಬಳಸಿದ್ದ 41 ದೇಹದಾರ್ಢ್ಯ ಪಟುಗಳು ಮತ್ತು ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ವಿವರವಾಗಿ ಸಂದರ್ಶಿಸಿದರು. ಶೇ. 22ರಷ್ಟು ಮಂದಿಯಲ್ಲಿ ಉನ್ಮಾದ ಅಥವಾ ಖಿನ್ನತೆಯ ಪೂರ್ಣ ಲಕ್ಷಣಗಳು ಕಂಡುಬಂದಿದ್ದವು. ಶೇ. 12ರಷ್ಟು ಮಂದಿಗೆ ಇಲ್ಲದ್ದು ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸುವುದು ಮುಂತಾದ ಮನೋವಿಕಾರದ ಲಕ್ಷಣಗಳಿದ್ದವು. ಒಬ್ಬಾತ ಸ್ನೇಹಿತನಿಗೆ ವಿಡಿಯೊ ತೆಗೆಯಲು ಹೇಳಿ ಹಳೆಯ ಕಾರೊಂದನ್ನು ಬೇಕೆಂದೇ ಮರಕ್ಕೆ ಗುದ್ದಿಸಿದ್ದ. ತನಗೇನೂ ಆಗದು ಎಂಬ ಭಾವನೆ ಅವನದು. ಪತ್ರಿಕೆಗಳು 'ರಾಯ್ಡ್ ರೇಜ್', ಅಂದರೆ ಸ್ಟೀರಾಯ್ಡ್ ರೋಷ, ಎಂಬ ಹೊಸ ಪದವನ್ನು ಬಳಕೆಗೆ ತಂದವು.

ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಸ್ಟೀರಾಯ್ಡಿನಿಂದ ಮುಂಗೋಪ ಬಂತೋ, ಮುಂಗೋಪಿಗಳೇ ಸ್ಟೀರಾಯ್ಡಿನ ಕಡೆಗೆ ಹೋದರೋ? "ಇದನ್ನು ತೆಗೆದುಕೊಂಡರೆ ಕೋಪ ಬರುತ್ತದೆ" ಎಂಬ ನಂಬಿಕೆಯೇ ಕೋಪ ತರಿಸಿತೋ? ಇದನ್ನು ಬಿಡಿಸಲು ಒಂದೇ ದಾರಿ. ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ನೋಡಲು ಹಾಗೆಯೇ ಇರುವ ಹುಸಿಮದ್ದು ಕೊಡಬೇಕು. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ತೆಗೆದುಕೊಳ್ಳುವವರಿಗೂ ತಿಳಿಯಬಾರದು, ಅವರನ್ನು ಪರೀಕ್ಷಿಸುವವರಿಗೂ ತಿಳಿಯಬಾರದು.

1993ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 20 ಆರೋಗ್ಯವಂತ ಗಂಡಸರ ಮೇಲೆ ಇಂಥ ಪರೀಕ್ಷೆ ನಡೆಯಿತು. ದಿನಕ್ಕೆ 240 ಮಿಲಿಗ್ರಾಂ ಮೀಥೈಲ್ ಟೆಸ್ಟೋಸ್ಟಿರೋನ್ ಪಡೆದ ಕೆಲವೇ ದಿನಗಳಲ್ಲಿ ಹುರುಪು, ಕಾಮಾಸಕ್ತಿ, ಸಿಡುಕು, ಹಗೆತನ, ಮರೆವು ಎಲ್ಲವೂ ಸರಾಸರಿ ಸ್ವಲ್ಪ ಏರಿದವು. 20 ಜನರಲ್ಲಿ ಒಬ್ಬನಿಗೆ ಉನ್ಮಾದವೇ ಬಂತು, ಇನ್ನೊಬ್ಬನಿಗೆ ಅದರ ಸೌಮ್ಯ ರೂಪ ಕಾಣಿಸಿಕೊಂಡಿತು. ಆದರೆ 1996ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಫಲಿತಾಂಶ ಬೇರೆಯಾಗಿತ್ತು. ಅದರಲ್ಲಿ 43 ಗಂಡಸರು ಭಾಗವಹಿಸಿದ್ದರು. ಅವರ ಪೈಕಿ ಹತ್ತು ವಾರಗಳ ಕಾಲ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಪಡೆದವರಲ್ಲಿ ಕೋಪ ಹೆಚ್ಚಿದ್ದು ಕಂಡುಬರಲಿಲ್ಲ. ಅವರನ್ನು ಹತ್ತಿರದಿಂದ ಬಲ್ಲವರನ್ನು ಕೇಳಿದಾಗಲೂ ಅದೇ ಉತ್ತರ ಬಂತು. 1994ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಂತೂ ಹುಸಿಮದ್ದು ಪಡೆದವರೇ ತಮಗೆ ಹೆಚ್ಚು ಸಿಟ್ಟು ಬರುತ್ತಿದೆ ಎಂದು ಹೇಳಿಕೊಂಡಿದ್ದರು! ಬ್ರೌನ್ ಸೆಕಾರ್ ನೆನಪಾದನಲ್ಲವೆ?

ಹಾಗಾದರೆ ಯಾವುದು ಸರಿ? ಗಂಟು ಬಿಡಿಸಿದ್ದು 2000ದಲ್ಲಿ ಪೋಪ್ ತಂಡವೇ ಪ್ರಕಟಿಸಿದ ಅಧ್ಯಯನ. ವಾರಕ್ಕೆ 600 ಮಿಲಿಗ್ರಾಂವರೆಗೆ ಟೆಸ್ಟೋಸ್ಟಿರೋನ್ ಪಡೆದ 50 ಗಂಡಸರಲ್ಲಿ 42 ಮಂದಿಯ ಮನಸ್ಸಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. 6 ಮಂದಿಯಲ್ಲಿ ಸ್ವಲ್ಪ ಬದಲಾವಣೆ ಆಯಿತು. ಉಳಿದ ಇಬ್ಬರಲ್ಲಿ ಎದ್ದುಕಾಣುವ ಬದಲಾವಣೆ ಆಯಿತು. ಸರಾಸರಿಯನ್ನಷ್ಟೇ ನೋಡಿದರೆ ಈ ಇಬ್ಬರು ಲೆಕ್ಕದಲ್ಲಿ ಕಾಣೆಯಾಗುತ್ತಾರೆ. ಮನೆಯಲ್ಲಿ, ಹಾಸ್ಟೆಲಿನಲ್ಲಿ, ರಸ್ತೆಯಲ್ಲಿ ಕಾಣೆಯಾಗುವುದಿಲ್ಲ. ಆ ಇಬ್ಬರು ಯಾರಾಗುತ್ತಾರೆಂದು ಮೊದಲೇ ಗುರುತಿಸಲು ಆ ಅಧ್ಯಯನಕ್ಕೆ ಸಾಧ್ಯವಾಗಲಿಲ್ಲ.

ಪ್ರಮಾಣದ ಲೆಕ್ಕವೂ ಮುಖ್ಯ. ಆರೋಗ್ಯವಂತ ಗಂಡಸಿನ ದೇಹ ದಿನಕ್ಕೆ ಸುಮಾರು 5ರಿಂದ 7 ಮಿಲಿಗ್ರಾಂ, ಅಂದರೆ ವಾರಕ್ಕೆ 50 ಮಿಲಿಗ್ರಾಮಿಗಿಂತ ಕಡಿಮೆ ಟೆಸ್ಟೋಸ್ಟಿರೋನ್ ತಯಾರಿಸುತ್ತದೆ. ಪ್ರಯೋಗದ 600 ಮಿಲಿಗ್ರಾಂ ಅದರ ಹನ್ನೆರಡು ಪಟ್ಟಿಗಿಂತ ಹೆಚ್ಚು. ಕದ್ದುಮುಚ್ಚಿ ಬಳಸುವವರಲ್ಲಿ ಹಲವರು ಎರಡು ಮೂರು ಬಗೆಯ ಸ್ಟೀರಾಯ್ಡುಗಳನ್ನು ಒಟ್ಟಿಗೆ ಸೇರಿಸಿ ವಾರಕ್ಕೆ 1,000 ಮಿಲಿಗ್ರಾಂ ದಾಟುತ್ತಾರೆ. ಅಷ್ಟನ್ನು ಪ್ರಯೋಗಕ್ಕಾಗಿ ಮನುಷ್ಯರಿಗೆ ಕೊಡಲು ವೈದ್ಯಕೀಯ ನೀತಿ ಒಪ್ಪುವುದಿಲ್ಲ. ಆದ್ದರಿಂದ "ಪ್ರಯೋಗದಲ್ಲಿ ಹೆಚ್ಚಿನವರಿಗೆ ಏನೂ ಆಗಲಿಲ್ಲ" ಎಂಬ ವಾಕ್ಯವನ್ನು ಜಿಮ್ಮಿಗೆ ಹಾಗೆಯೇ ಹೊತ್ತೊಯ್ಯುವಂತಿಲ್ಲ.

ಹೆಂಗಸರನ್ನು ಯಾರು ಕೇಳಿದರು?

ಹೆಂಗಸರ ದೇಹದಲ್ಲೂ ಟೆಸ್ಟೋಸ್ಟಿರೋನ್ ಇದೆ. ಆದರೆ ರಕ್ತದಲ್ಲಿ ಅದರ ಮಟ್ಟ ಗಂಡಸಿನದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಅದೇ ಗುಳಿಗೆ ಹೆಣ್ಣಿನ ದೇಹಕ್ಕೆ ಬಹಳ ದೊಡ್ಡ ಹೊರೆ. ಸ್ವರ ಗಡಸಾಗುವುದು, ಮುಖದಲ್ಲಿ ಕೂದಲು ಬೆಳೆಯುವುದು, ಮುಟ್ಟು ನಿಲ್ಲುವುದು ಇವೆಲ್ಲ ಆಗಬಹುದು. ಗಡಸಾದ ಸ್ವರ ಔಷಧ ನಿಲ್ಲಿಸಿದ ಮೇಲೂ ಮೊದಲಿನಂತಾಗುವುದಿಲ್ಲ.

ಈ ಚರಿತ್ರೆಯ ಅತ್ಯಂತ ಕರಾಳ ಅಧ್ಯಾಯ ಪೂರ್ವ ಜರ್ಮನಿಯದು. 1974ರಲ್ಲಿ ಅಲ್ಲಿನ ಸರ್ಕಾರ 'ರಾಜ್ಯ ಯೋಜನೆ ವಿಷಯ 14.25' ಎಂಬ ಗುಪ್ತ ಹೆಸರಿನಲ್ಲಿ ಕ್ರೀಡಾಪಟುಗಳಿಗೆ ಸ್ಟೀರಾಯ್ಡ್ ಕೊಡುವುದನ್ನು ವ್ಯವಸ್ಥಿತವಾಗಿ ನಡೆಸಿತು. ಯೆನಾಫಾರ್ಮ್ ಕಂಪನಿಯ ಓರಲ್ ಟ್ಯೂರಿನಬಾಲ್ ಎಂಬ ನೀಲಿ ಗುಳಿಗೆಗಳನ್ನು ಹದಿಹರೆಯದ ಹುಡುಗಿಯರಿಗೂ ಕೊಡಲಾಯಿತು. ಅನೇಕರಿಗೆ ಹೇಳಿದ್ದು ಅವು ವಿಟಮಿನ್ ಎಂದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮಹಿಳೆಯರ 13 ಈಜು ಸ್ಪರ್ಧೆಗಳಲ್ಲಿ 11 ಚಿನ್ನದ ಪದಕಗಳು ಪೂರ್ವ ಜರ್ಮನಿಗೆ ಹೋದವು. ಯೋಜನೆಗೆ ಒಳಗಾದವರ ಒಟ್ಟು ಸಂಖ್ಯೆ ಸುಮಾರು 10,000 ಎಂದು ಅಂದಾಜು. ದೇಶ ಒಂದಾದ ಮೇಲೆ ಜೀವವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಮಾಜಿ ಕ್ರೀಡಾಪಟು ಬ್ರಿಗಿಟ್ಟೆ ಬೆರೆಂಡಾಂಕ್ ಗುಪ್ತ ಕಡತಗಳನ್ನು ಹುಡುಕಿ ತೆಗೆದರು. ದುಷ್ಪರಿಣಾಮಗಳು ಅಧಿಕಾರಿಗಳಿಗೆ ತಿಳಿದೇ ಇದ್ದವು, ಬರೆದಿಟ್ಟೂ ಇದ್ದರು. ಹುಡುಗಿಯರಿಗೆ ಮಾತ್ರ ಹೇಳಿರಲಿಲ್ಲ.

ಹೈಡಿ ಕ್ರೀಗರ್ ಎಂಬ ಹುಡುಗಿಗೆ ಸುಮಾರು 16ನೇ ವಯಸ್ಸಿನಿಂದ ಈ ಗುಳಿಗೆ ಕೊಡಲಾಯಿತು. 1986ರಲ್ಲಿ ಆಕೆ ಗುಂಡು ಎಸೆತದಲ್ಲಿ ಯುರೋಪಿನ ಚಾಂಪಿಯನ್ ಆದರು. ಜೊತೆಗೆ ಭಾವನೆಗಳ ಏರಿಳಿತ, ಸಿಡುಕು, ಬದುಕೇ ಬೇಡವೆನಿಸುವ ಖಿನ್ನತೆಗಳೂ ಬಂದವು. 1997ರಲ್ಲಿ ಅವರು ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿ ಆಂಡ್ರಿಯಾಸ್ ಕ್ರೀಗರ್ ಆದರು. ತಾನು ಯಾರೆಂಬ ಪ್ರಶ್ನೆ ಅವರಲ್ಲಿ ಮೊದಲೂ ಇತ್ತು. ಅದಕ್ಕೆ ಸ್ವತಃ ಉತ್ತರ ಕಂಡುಕೊಳ್ಳುವ ಅವಕಾಶವನ್ನು ಗುಳಿಗೆ ಕಸಿದುಕೊಂಡಿತು ಎಂಬುದು ಅವರ ನೋವು. 2000ದ ಜುಲೈಯಲ್ಲಿ ಬರ್ಲಿನ್ ನ್ಯಾಯಾಲಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹಾಪ್ನರ್ ಅವರನ್ನು ದೈಹಿಕ ಹಾನಿಗೆ ನೆರವಾದ ಅಪರಾಧಿಗಳೆಂದು ಘೋಷಿಸಿತು. ಇಬ್ಬರೂ ಜೈಲಿಗೆ ಹೋಗಲಿಲ್ಲ, ಶಿಕ್ಷೆಯನ್ನು ಅಮಾನತಿನಲ್ಲಿ ಇರಿಸಲಾಯಿತು.

ತಾವಾಗಿ ಬಳಸಿದ ಹೆಂಗಸರನ್ನು ಕೇಳಿ ತಿಳಿದ ಅಧ್ಯಯನಗಳು ಕಡಿಮೆ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 75 ಮಹಿಳಾ ಕ್ರೀಡಾಪಟುಗಳ ಪೈಕಿ 25 ಮಂದಿ ಸ್ಟೀರಾಯ್ಡ್ ಬಳಸಿದ್ದರು. ಆ 25ರಲ್ಲಿ 14 ಮಂದಿ ಬಳಸುವಾಗ ಅತಿ ಹುರುಪು, ಸಿಡುಕು ಮುಂತಾದ ಸೌಮ್ಯ ಉನ್ಮಾದದ ಲಕ್ಷಣಗಳನ್ನು, 10 ಮಂದಿ ನಿಲ್ಲಿಸಿದಾಗ ಖಿನ್ನತೆಯನ್ನು ಅನುಭವಿಸಿದ್ದಾಗಿ ಹೇಳಿದರು. ಇದು ಹುಸಿಮದ್ದಿನ ಜೊತೆ ಹೋಲಿಸಿದ ಅಧ್ಯಯನವಲ್ಲ ಎಂಬುದನ್ನು ಮರೆಯಬಾರದು.

ಹೆಂಗಸರ ವಿಷಯದಲ್ಲೂ ನಂಬಿಕೆಯ ಪಾತ್ರ ಎಷ್ಟೆಂದು 2010ರಲ್ಲಿ ಪ್ರಕಟವಾದ ಜೂರಿಕ್ ಪ್ರಯೋಗ ತೋರಿಸಿತು. ಅರ್ಧ ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಅಥವಾ ಹುಸಿಮದ್ದು ಪಡೆದ ಹೆಂಗಸರು ಹಣ ಹಂಚುವ ಆಟವೊಂದನ್ನು ಆಡಿದರು. ಹಾರ್ಮೋನು ಪಡೆದವರು ಹೆಚ್ಚು ನ್ಯಾಯವಾಗಿ ಹಂಚಿದರು. ತಮಗೆ ಹಾರ್ಮೋನು ಸಿಕ್ಕಿದೆ ಎಂದು ನಂಬಿದವರು ಕಡಿಮೆ ನ್ಯಾಯವಾಗಿ ಹಂಚಿದರು. ಇದು ಒಂದೇ ಒಂದು ಸಣ್ಣ ಪ್ರಮಾಣದ ಮಾತು. ತಿಂಗಳುಗಟ್ಟಲೆ ನುಂಗುವ ದೊಡ್ಡ ಪ್ರಮಾಣಕ್ಕೆ ಇದನ್ನು ಅನ್ವಯಿಸಲಾಗದು. ಆದರೆ ಗೂಳಿಯ ಉಪಮೆ ಮನುಷ್ಯನಿಗೆ ನೇರವಾಗಿ ಹೊಂದುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ನಿಲ್ಲಿಸಿದ ಮೇಲೆ

ರೋಷದ ಬಗ್ಗೆ ಪತ್ರಿಕೆಗಳು ಬರೆದಷ್ಟು ಖಿನ್ನತೆಯ ಬಗ್ಗೆ ಬರೆಯಲಿಲ್ಲ. ಅದು ಸದ್ದಿಲ್ಲದೆ ಬರುತ್ತದೆ. ಅದರ ಕಾರಣ ಸರಳ. ರಕ್ತದಲ್ಲಿ ಎಷ್ಟು ಹಾರ್ಮೋನು ಇದೆ ಎಂದು ಮಿದುಳು ಸದಾ ನೋಡುತ್ತಿರುತ್ತದೆ. ಹೊರಗಿನಿಂದ ಧಾರಾಳವಾಗಿ ಬಂದಾಗ "ಇನ್ನು ಸಾಕು" ಎಂದು ತೀರ್ಮಾನಿಸಿ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗುವ ಸಂದೇಶವನ್ನು ತಡೆಯುತ್ತದೆ. ವೃಷಣ ಕೆಲಸ ನಿಲ್ಲಿಸಿ ಕುಗ್ಗುತ್ತದೆ. ಒಂದು ದಿನ ಸೂಜಿ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ದೇಹ ಮತ್ತೆ ಚೇತರಿಸಿಕೊಳ್ಳಲು ವಾರಗಳು, ಕೆಲವರಲ್ಲಿ ತಿಂಗಳುಗಳು, ಇನ್ನು ಕೆಲವರಲ್ಲಿ ವರ್ಷವೇ ಬೇಕಾಗಬಹುದು. ಆಯಾಸ, ನಿರಾಸಕ್ತಿ, ನಿದ್ರಾಹೀನತೆ, ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಬರುವುದು ಈ ಅವಧಿಯಲ್ಲೇ. ಅದನ್ನು ತಾಳಲಾರದೆ ಮತ್ತೆ ಸೂಜಿ ಹಿಡಿಯುವವರಿದ್ದಾರೆ. ದೀರ್ಘಕಾಲ ಬಳಸುವವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಂದಿ ಹೀಗೆ ಅದಕ್ಕೆ ಅಂಟಿಕೊಳ್ಳುತ್ತಾರೆಂದು ಸಂಶೋಧಕರ ಅಂದಾಜು.

ಇನ್ನೊಂದು ತೊಂದರೆ ಕನ್ನಡಿಯದು. ಎಷ್ಟು ಬೆಳೆದರೂ ತಾನು ಇನ್ನೂ ಸಣಕಲ ಎನಿಸುವ ಮನಃಸ್ಥಿತಿಯನ್ನು ಮನೋವೈದ್ಯರು 1990ರ ದಶಕದಲ್ಲಿ ಗುರುತಿಸಿದರು. ಅಂಥವರಿಗೆ ಸ್ಟೀರಾಯ್ಡ್ ಪರಿಹಾರವಲ್ಲ. ಬೆಂಕಿಗೆ ತುಪ್ಪ ಸುರಿದಂತೆ.

ನಮ್ಮ ನಡುವೆ

2011ರಲ್ಲಿ ಭಾರತದ ಹಲವು ಓಟಗಾರ್ತಿಯರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ಚಿನ್ನ ಗೆದ್ದವರೂ ಕರ್ನಾಟಕದ ಒಬ್ಬ ಓಟಗಾರ್ತಿಯೂ ಇದ್ದರು. ಸಿಕ್ಕ ವಸ್ತುಗಳಲ್ಲಿ ಮುಖ್ಯವಾದದ್ದು ಮೆಥಾಂಡಿನೋನ್, 1958ರ ಅದೇ ಡಯನಬಾಲ್. ತರಬೇತುದಾರ ಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತು ಎಂಬುದು ಓಟಗಾರ್ತಿಯರ ವಾದವಾಗಿತ್ತು. ನಮ್ಮ ದೇಶದ ಸಮಿತಿ ಒಂದು ವರ್ಷದ ನಿಷೇಧ ಹೇರಿತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಏನು ನುಂಗುತ್ತಿದ್ದೇವೆ ಎಂದು ತಿಳಿಯದೆ ನುಂಗಿದರೂ ಬೆಲೆ ತೆರುವುದು ನುಂಗಿದವರೇ.

ವಿದ್ಯಾರ್ಥಿ ಮಿತ್ರರೇ, ಟೆಸ್ಟೋಸ್ಟಿರೋನ್ ವಿಷವಲ್ಲ. ದೇಹದಲ್ಲಿ ಅದು ಕಡಿಮೆ ಇರುವವರಿಗೆ ವೈದ್ಯರು ಅಳತೆಯರಿತು ಕೊಡುತ್ತಾರೆ, ಅದರಿಂದ ಅವರ ಮನಸ್ಸಿಗೂ ಹಿತವಾಗುವುದುಂಟು. ಜಿಮ್ಮಿನಲ್ಲಿ ಯಾರೋ ಪೊಟ್ಟಣ ಕಟ್ಟಿಕೊಡುವುದು ಬೇರೆ ಮಾತು. ಅದರಲ್ಲಿ ಏನಿದೆ ಗೊತ್ತಿಲ್ಲ, ಎಷ್ಟಿದೆ ಗೊತ್ತಿಲ್ಲ, ಐವತ್ತರಲ್ಲಿ ಆ ಇಬ್ಬರು ಯಾರು ಎಂಬುದೂ ಗೊತ್ತಿಲ್ಲ. ನಿಮ್ಮ ಗೆಳೆಯನೋ ಗೆಳತಿಯೋ ಈಗಾಗಲೇ ಬಳಸುತ್ತಿದ್ದರೆ ಛೀಮಾರಿ ಹಾಕಬೇಡಿ. "ನಿದ್ದೆ ಬರುತ್ತಿದೆಯೆ? ಮನಸ್ಸು ಹೇಗಿದೆ?" ಎಂದು ಕೇಳಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ನಿಲ್ಲಿಸಿದ ಮೇಲಿನ ತಿಂಗಳುಗಳಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪೂರ್ವ ಜರ್ಮನಿಯ ಹುಡುಗಿಯರಿಗೆ ವರ್ಷಗಟ್ಟಲೆ ಗುಳಿಗೆ ಕೊಟ್ಟವರು ಅವರ ಸ್ನಾಯು, ವೇಗ, ಪದಕ ಎಲ್ಲವನ್ನೂ ಲೆಕ್ಕವಿಟ್ಟರು. "ಮನಸ್ಸು ಹೇಗಿದೆ" ಎಂದು ಕೇಳಬೇಕೆಂದು ಮಾತ್ರ ಅವರಿಗೆ ಅನ್ನಿಸಲಿಲ್ಲ. ನಾವು ಕೇಳೋಣ.